ನೂರಾ ಮೂರು ದಿನದ ಸುಧಾರಣೆ: 1898ರಲ್ಲಿ ಚೀನಾ ಎಡವಿದ್ದು ಎಲ್ಲಿ?

2008ರ ನವೆಂಬರ್‌ನಲ್ಲಿ ಬೀಜಿಂಗ್‌ನಿಂದ ಬಂದ ಒಂದು ಸುದ್ದಿ ಈಗಲೂ ಅಂತರ್ಜಾಲದಲ್ಲಿ ಸುತ್ತುತ್ತಲೇ ಇದೆ. ಸತ್ತು ನೂರು ವರ್ಷವಾಗಿದ್ದ ಒಬ್ಬ ಚಕ್ರವರ್ತಿಯ ತಲೆಗೂದಲನ್ನು ವಿಜ್ಞಾನಿಗಳು ಪರೀಕ್ಷೆ ಮಾಡಿದ್ದರು. ಅದರಲ್ಲಿ ಆರ್ಸೆನಿಕ್, ಅಂದರೆ ನಮ್ಮ ಹಳೆಯ ಮಾತಿನ ಪಾಷಾಣ, ಇರಬೇಕಾದ್ದಕ್ಕಿಂತ ಸುಮಾರು 2000 ಪಟ್ಟು ಜಾಸ್ತಿ ಇತ್ತು. ಸತ್ತವನು ಚಿಂಗ್ ವಂಶದ ಗ್ವಾಂಗ್‌ಶು. 1908ರ ನವೆಂಬರ್ 14ರಂದು ತೀರಿಕೊಂಡಾಗ ಅವನಿಗೆ 37 ವರ್ಷ. ಮರುದಿನವೇ, ಅವನನ್ನು ಹತ್ತು ವರ್ಷ ಸೆರೆಯಲ್ಲಿಟ್ಟಿದ್ದ ರಾಜಮಾತೆ ತ್ಸಿಶಿಯೂ ತೀರಿಕೊಂಡಳು. ಆಕೆ ಅವನಿಗೆ ದೊಡ್ಡಮ್ಮ. ತಾಯಿಯ ಅಕ್ಕ ಎಂಬ ಲೆಕ್ಕದಲ್ಲೂ ದೊಡ್ಡಮ್ಮ, ತಂದೆಯ ಅಣ್ಣನ ಹೆಂಡತಿ ಎಂಬ ಲೆಕ್ಕದಲ್ಲೂ ದೊಡ್ಡಮ್ಮ.

ಸುದ್ದಿ ಓದಿದವರಿಗೆ ಗೊಂದಲ ಆಗುವುದು ಸಹಜ. ಚಕ್ರವರ್ತಿ ಅನ್ನಿಸಿಕೊಂಡವನು ಹತ್ತು ವರ್ಷ ಸೆರೆಯಲ್ಲಿ ಇದ್ದದ್ದು ಹೇಗೆ? ಅವನು ಮಾಡಿದ ತಪ್ಪೇನು? ಉತ್ತರಕ್ಕೆ 1898ರ ಬೇಸಿಗೆಗೆ ಹೋಗಬೇಕು. ಆ ವರ್ಷ ಜೂನ್ 11ರಿಂದ ಸೆಪ್ಟೆಂಬರ್ 21ರವರೆಗೆ, ಒಟ್ಟು 103 ದಿನ, ಗ್ವಾಂಗ್‌ಶು ತನ್ನ ದೇಶವನ್ನು ಬುಡದಿಂದ ಬದಲಿಸಲು ಹೊರಟಿದ್ದ. ಇತಿಹಾಸದಲ್ಲಿ ಅದಕ್ಕೆ ನೂರು ದಿನಗಳ ಸುಧಾರಣೆ ಎಂದೇ ಹೆಸರು.

ಒಳ್ಳೆಯ ರಾಜ, ಕೆಟ್ಟ ದೊಡ್ಡಮ್ಮ, ನಡುವೆ ಒಬ್ಬ ದ್ರೋಹಿ. ಈ ಕಥೆಯನ್ನು ಸಾಮಾನ್ಯವಾಗಿ ಹೇಳುವುದೇ ಹೀಗೆ. ಅದರಲ್ಲಿ ಸ್ವಲ್ಪ ನಿಜ ಇದೆ. ಆದರೆ ಸುಧಾರಣೆ ಯಾಕೆ ಸೋತಿತು ಎಂಬುದು ಅದರಿಂದ ಅರ್ಥವಾಗುವುದಿಲ್ಲ.

ಜಪಾನಿನ ಪೆಟ್ಟು

ಚೀನಾ 1840ರಿಂದಲೇ ಪಶ್ಚಿಮದ ದೇಶಗಳ ಕೈಯಲ್ಲಿ ಸೋಲುತ್ತಾ ಬಂದಿತ್ತು. ಆದರೆ ಆ ಸೋಲುಗಳಿಗೆ ಒಂದು ಸಮಾಧಾನ ಇತ್ತು. ಅವರ ಹಡಗು ದೊಡ್ಡದು, ತೋಪು ದೊಡ್ಡದು, ನಾವೂ ಅಂಥವನ್ನು ಕೊಂಡರೆ ಸಾಕು ಎಂಬ ಸಮಾಧಾನ. ಹಾಗೆಂದೇ ಚೀನಾ 1860ರಿಂದ ಮೂವತ್ತು ವರ್ಷ ಕಾರ್ಖಾನೆ ಕಟ್ಟಿತು, ಜರ್ಮನಿಯಿಂದ ಯುದ್ಧನೌಕೆ ತರಿಸಿತು.

1894ರಲ್ಲಿ ಜಪಾನಿನ ಜೊತೆ ಯುದ್ಧ ಆಯಿತು. ಜಪಾನು ಚೀನಾದಿಂದಲೇ ಅಕ್ಷರ ಕಲಿತ ದೇಶ. ಅಂಥ ದೇಶ ಆರೇಳು ತಿಂಗಳಲ್ಲಿ ಚೀನಾದ ಉತ್ತರದ ನೌಕಾಪಡೆಯನ್ನು ಮುಗಿಸಿಹಾಕಿತು. 1895ರ ಏಪ್ರಿಲ್ 17ರ ಶಿಮೊನೊಸೆಕಿ ಒಪ್ಪಂದದಲ್ಲಿ ಚೀನಾ ತೈವಾನನ್ನು ಕಳೆದುಕೊಂಡಿತು. ಜೊತೆಗೆ 20 ಕೋಟಿ ತೇಲ್ ಬೆಳ್ಳಿ ದಂಡ ಕಟ್ಟಬೇಕಾಯಿತು. ಒಂದು ತೇಲ್ ಅಂದರೆ ಸುಮಾರು 37 ಗ್ರಾಂ. ಕೇಂದ್ರ ಸರ್ಕಾರದ ಎರಡು ವರ್ಷದ ಆದಾಯಕ್ಕಿಂತ ಅದು ಹೆಚ್ಚಾಗಿತ್ತು. ಹಣ ಎಲ್ಲಿಂದ ತರುವುದು? ಯೂರೋಪಿನ ಬ್ಯಾಂಕುಗಳಿಂದ ಸಾಲ ತಂದರು. ಸಾಲಕ್ಕೆ ಸುಂಕದ ಆದಾಯವನ್ನು ಅಡವಿಟ್ಟರು.

ಈ ಸೋಲು ಹಿಂದಿನವುಗಳ ಹಾಗಲ್ಲ ಎಂದು ಓದಿದವರಿಗೆ ತಿಳಿಯಿತು. ಹಡಗು ಚೀನಾದ ಬಳಿಯೂ ಇತ್ತು. ಜಪಾನಿನ ಬಳಿ ಇದ್ದು ಚೀನಾದ ಬಳಿ ಇಲ್ಲದ್ದು ಬೇರೆಯೇ. ಶಾಲೆ, ಸಂವಿಧಾನ, ಸಂಸತ್ತು, ಒಂದೇ ಆಜ್ಞೆಗೆ ಕೆಲಸ ಮಾಡುವ ಸರ್ಕಾರ. ಅಂದರೆ ಕೊಂಡು ತರಲು ಆಗದ ವಸ್ತುಗಳು.

ಎರಡನೇ ಪೆಟ್ಟು 1897ರ ನವೆಂಬರ್‌ನಲ್ಲಿ ಬಿತ್ತು. ಇಬ್ಬರು ಪಾದ್ರಿಗಳ ಕೊಲೆಯ ನೆಪ ಮಾಡಿಕೊಂಡು ಜರ್ಮನಿ ಶಾನ್‌ದೊಂಗ್‌ನ ಚಿಂಗ್‌ದಾವೊ ಬಂದರಿಗೆ ಇಳಿಯಿತು. ಅಲ್ಲಿಂದ ಎಲ್ಲರೂ ಕೈ ಹಾಕಿದರು. ರಷ್ಯಾ ಲುಶುನ್ ಬಂದರನ್ನು ಹಿಡಿಯಿತು. ಫ್ರಾನ್ಸ್ ದಕ್ಷಿಣದಲ್ಲಿ ಒಂದು ಕೊಲ್ಲಿ ತೆಗೆದುಕೊಂಡಿತು. ಬ್ರಿಟನ್ 1898ರ ಜೂನ್ 9ರಂದು ಹಾಂಗ್‌ಕಾಂಗ್ ಪಕ್ಕದ ನೆಲವನ್ನು 99 ವರ್ಷಕ್ಕೆ ಗುತ್ತಿಗೆ ಬರೆಸಿಕೊಂಡಿತು. 1997ರಲ್ಲಿ ಹಾಂಗ್‌ಕಾಂಗ್ ಚೀನಾಕ್ಕೆ ವಾಪಸ್ ಬಂತಲ್ವಾ, ಅದು ಈ ಗುತ್ತಿಗೆಯ ಅವಧಿ ಮುಗಿದಾಗ. ಆ ಸಹಿ ಬಿದ್ದು ಎರಡೇ ದಿನಕ್ಕೆ ಗ್ವಾಂಗ್‌ಶು ಸುಧಾರಣೆಯ ಮೊದಲ ಆಜ್ಞೆ ಹೊರಡಿಸಿದ. ಅವನ ಅವಸರವನ್ನು ಬೈಯುವವರು ಈ ಎರಡು ದಿನಾಂಕಗಳನ್ನು ಒಟ್ಟಿಗೆ ನೋಡಬೇಕು.

ಪರೀಕ್ಷೆ ಬರೆಯಲು ಬಂದವನ ಅರ್ಜಿ

ಸುಧಾರಣೆಯ ತಲೆ ಎಂದರೆ ಕಾಂಗ್ ಯೂವೇಯ್. 1858ರಲ್ಲಿ ಗ್ವಾಂಗ್‌ದೊಂಗ್ ಪ್ರಾಂತ್ಯದಲ್ಲಿ ಹುಟ್ಟಿದವನು. 1895ರಲ್ಲಿ ಅತ್ಯುನ್ನತ ಪರೀಕ್ಷೆಗೆಂದು ಬೀಜಿಂಗ್‌ಗೆ ಬಂದಿದ್ದಾಗಲೇ ಜಪಾನಿನ ಒಪ್ಪಂದದ ಸುದ್ದಿ ತಲುಪಿತು. ಒಪ್ಪಂದ ಬೇಡ, ರಾಜ್ಯಪದ್ಧತಿಯನ್ನೇ ಬದಲಿಸಿ ಎಂದು ಅವನು ಉದ್ದನೆಯ ಅರ್ಜಿ ಬರೆದು ಪರೀಕ್ಷೆಗೆ ಬಂದ ಇತರರ ಸಹಿ ಕೂಡಿಸಿದ. ಅವನ ಶಿಷ್ಯ ಲ್ಯಾಂಗ್ ಚಿಚಾವೊ ಆಗ ಇಪ್ಪತ್ತೆರಡರ ಹುಡುಗ. ಮುಂದೆ ಶಾಂಘೈನಲ್ಲಿ ಪತ್ರಿಕೆ ನಡೆಸಿ ಈ ವಿಚಾರಗಳನ್ನು ಊರೂರಿಗೆ ಮುಟ್ಟಿಸಿದವನು ಅವನೇ.

ಕಾಂಗ್ ಹೇಳುತ್ತಿದ್ದದ್ದು ಸರಳ. ರಷ್ಯಾದ ಪೀಟರ್ ದೊರೆ ಮಾಡಿದ್ದನ್ನು, ಜಪಾನಿನ ಮೇಜಿ ದೊರೆ ಮಾಡಿದ್ದನ್ನು ಚೀನಾದ ದೊರೆಯೂ ಮಾಡಬಹುದು. ಇದಕ್ಕೆ ಧರ್ಮದ ಅಡ್ಡಿ ಬಂದರೆ? ಅದಕ್ಕೂ ಅವನ ಬಳಿ ಉತ್ತರ ಇತ್ತು. ಕನ್‌ಫ್ಯೂಷಿಯಸ್ ಹಳೆಯದನ್ನು ಕಾಪಾಡಿದವನಲ್ಲ, ಅವನೇ ದೊಡ್ಡ ಸುಧಾರಕ ಎಂದ. ಇಡೀ ದೇಶದ ವಿದ್ವಾಂಸರು ಬಾಯಿಪಾಠ ಮಾಡಿದ್ದ ಕೆಲವು ಹಳೆಯ ಗ್ರಂಥಗಳು ಖೋಟಾ ಎಂದೂ ಪುಸ್ತಕ ಬರೆದ.

ಇಲ್ಲೇ ಅವನ ಮೊದಲ ತಪ್ಪು ಆಯಿತು ಎನ್ನಬೇಕು. ಸುಧಾರಣೆ ಬೇಕು ಎನ್ನುವವರು ಸರ್ಕಾರದಲ್ಲಿ ಬೇಕಾದಷ್ಟಿದ್ದರು. ಆದರೆ ಖೋಟಾ ಗ್ರಂಥದ ಮಾತು ಕೇಳಿ ಅವರಲ್ಲಿ ಅನೇಕರು ದೂರ ಸರಿದರು. ರೈಲು ಹಾಕೋಣ ಎಂದರೆ ಒಪ್ಪುತ್ತಿದ್ದವರು, ನೀವು ಜೀವಮಾನ ಓದಿದ್ದು ಸುಳ್ಳು ಎಂದರೆ ಒಪ್ಪುತ್ತಾರೆಯೇ?

ಅಧಿಕಾರ ಎಲ್ಲಿತ್ತು?

ಗ್ವಾಂಗ್‌ಶು ಸಿಂಹಾಸನಕ್ಕೆ ಬಂದದ್ದು 1875ರಲ್ಲಿ, ಇನ್ನೂ ಮಗುವಾಗಿದ್ದಾಗ. ಅವನನ್ನು ಆರಿಸಿದವಳೇ ತ್ಸಿಶಿ. 1889ರಲ್ಲಿ ಆಕೆ ಅಧಿಕಾರ ಬಿಟ್ಟುಕೊಟ್ಟು ಊರ ಹೊರಗಿನ ಬೇಸಿಗೆ ಅರಮನೆಗೆ ಹೋದಳು. ಹೆಸರಿಗೆ ಮಾತ್ರ. ಮುಖ್ಯ ಕಾಗದಗಳು ಆಕೆಯ ಬಳಿಗೆ ಹೋಗುತ್ತಿದ್ದವು. ದೊಡ್ಡ ಹುದ್ದೆಗಳಿಗೆ ಆಕೆಯ ಒಪ್ಪಿಗೆ ಬೇಕಿತ್ತು. ಚಕ್ರವರ್ತಿಯೇ ಮತ್ತೆ ಮತ್ತೆ ಅಲ್ಲಿಗೆ ಹೋಗಿ ಮೊಣಕಾಲೂರಿ ವಿಷಯ ತಿಳಿಸಿ ಬರುತ್ತಿದ್ದ.

ಹಾಗಾದರೆ ತ್ಸಿಶಿ ಸುಧಾರಣೆಯ ವೈರಿಯೇ? ಶುರುವಿನಲ್ಲಿ ಅಲ್ಲ. ಜೂನ್ 11ರ ಆಜ್ಞೆಗೆ ಆಕೆಯ ಒಪ್ಪಿಗೆ ಇತ್ತು. ಆದರೆ ನಾಲ್ಕೇ ದಿನಕ್ಕೆ, ಜೂನ್ 15ರಂದು, ಮೂರು ಬದಲಾವಣೆ ಆದವು. ಗ್ವಾಂಗ್‌ಶುವಿನ ಗುರು, ಆ ಮೊದಲ ಆಜ್ಞೆಯನ್ನು ಬರೆದುಕೊಟ್ಟ ಹಿರಿಯ ಮಂತ್ರಿ ವೆಂಗ್ ತೊಂಗ್‌ಹ ಹುದ್ದೆ ಕಳೆದುಕೊಂಡು ಮನೆಗೆ ಹೋದ. ರಾಜಧಾನಿಯ ಸುತ್ತಲ ಪ್ರಾಂತ್ಯವೂ ಅಲ್ಲಿನ ಸೈನ್ಯವೂ ತ್ಸಿಶಿಯ ನಂಬಿಕೆಯ ರೊಂಗ್‌ಲುವಿನ ಕೈಗೆ ಹೋದವು. ಇನ್ನು ಮುಂದೆ ದೊಡ್ಡ ಹುದ್ದೆ ಸಿಕ್ಕವರು ಬಂದು ರಾಜಮಾತೆಗೆ ನಮಸ್ಕಾರ ಮಾಡಿ ಹೋಗಬೇಕು ಎಂಬ ಕಟ್ಟಳೆ ಬಂತು. ಸುಧಾರಣೆ ಮಾಡಿಕೋ, ಆದರೆ ಸೈನ್ಯ ಮತ್ತು ನೇಮಕ ನನ್ನ ಕೈಯಲ್ಲಿರುತ್ತದೆ ಎಂದು ಆಕೆ ಹೇಳಿದ ಹಾಗಾಯಿತು.

ಮರುದಿನ ಗ್ವಾಂಗ್‌ಶು ಕಾಂಗ್‌ನನ್ನು ಕರೆಸಿ ಮಾತಾಡಿದ. ಆದರೆ ಕೊಡಲು ಸಾಧ್ಯವಾದದ್ದು ವಿದೇಶಾಂಗ ಕಚೇರಿಯಲ್ಲಿ ಒಂದು ಸಣ್ಣ ಗುಮಾಸ್ತಗಿರಿ ಮಾತ್ರ. ದೇಶ ತಿದ್ದಲು ಹೊರಟ ಯೋಜನೆಯ ತಲೆಯಾಳಿಗೆ ಅಷ್ಟೇ ಹುದ್ದೆ!

ಎರಡು ಹಲಗೆಯ ನಡುವಿನ ಬದುಕು

ಮುಂದಿನ ಮೂರು ತಿಂಗಳಲ್ಲಿ ನೂರಕ್ಕೂ ಹೆಚ್ಚು ಆಜ್ಞೆಗಳು ಹೊರಬಿದ್ದವು. ರೈಲು, ಗಣಿ, ಅಂಚೆ, ಸೈನ್ಯಕ್ಕೆ ಪಶ್ಚಿಮದ ಕವಾಯತು, ಬೀಜಿಂಗ್‌ನಲ್ಲಿ ಒಂದು ವಿಶ್ವವಿದ್ಯಾಲಯ, ಊರ ಗುಡಿಗಳನ್ನು ಶಾಲೆ ಮಾಡುವುದು, ಹೊಸ ಯಂತ್ರ ಕಂಡುಹಿಡಿದವರಿಗೆ ಬಹುಮಾನ. ಒಂದೊಂದೂ ಒಳ್ಳೆಯದೇ. ಆದರೆ ಜೂನ್ 23ರ ಒಂದು ಆಜ್ಞೆ ಮಿಕ್ಕ ಎಲ್ಲಕ್ಕಿಂತ ಆಳಕ್ಕೆ ನಾಟಿತು. ಸರ್ಕಾರಿ ಪರೀಕ್ಷೆಯಲ್ಲಿ ಇನ್ನು ‘ಎಂಟು ಕಾಲಿನ ಪ್ರಬಂಧ’ ಬರೆಯುವಂತಿಲ್ಲ ಎಂದಿತು ಅದು.

ಇದು ಏನು ಎಂದು ಹತ್ತಿರದಿಂದ ನೋಡಬೇಕು. ಪ್ರಾಂತ್ಯಮಟ್ಟದ ಪರೀಕ್ಷೆ ಮೂರು ವರ್ಷಕ್ಕೊಮ್ಮೆ. ಬರೆಯುವವನನ್ನು ಒಂದು ಗೂಡಿನೊಳಗೆ ಕೂರಿಸುತ್ತಿದ್ದರು. ನಾನ್‌ಜಿಂಗ್‌ನ ಪರೀಕ್ಷಾ ಆವರಣದಲ್ಲಿ ಅಂಥ 20,000ಕ್ಕೂ ಹೆಚ್ಚು ಗೂಡುಗಳಿದ್ದವು. ಒಳಗೆ ಎರಡು ಹಲಗೆ. ಹಗಲು ಒಂದು ಕೂರುವ ಮಣೆ, ಇನ್ನೊಂದು ಮೇಜು. ರಾತ್ರಿ ಎರಡನ್ನೂ ಒಂದೇ ಎತ್ತರಕ್ಕೆ ಜೋಡಿಸಿಕೊಂಡು ಕಾಲು ಮಡಚಿ ಮಲಗಬೇಕು. ಹೀಗೆ ಮೂರು ಸುತ್ತು. ಅಲ್ಲೇ ಅಡುಗೆ, ಅಲ್ಲೇ ನಿದ್ದೆ. ವಿಷಯ ಹಳೆಯ ಧರ್ಮಗ್ರಂಥದ ಒಂದು ಸಾಲು. ಅದರ ಮೇಲೆ ಜೋಡಿ ಜೋಡಿ ವಾಕ್ಯಗಳಲ್ಲಿ, ಒಂದು ಪದ ಆಚೀಚೆ ಆಗದ ಹಾಗೆ, ನಿಗದಿಯಾದ ಭಾಗಗಳಲ್ಲಿ ಪ್ರಬಂಧ ಬರೆಯಬೇಕು. ತೆರಿಗೆ, ನೀರಾವರಿ, ಸೈನ್ಯ, ಭೂಗೋಳದ ಅರಿವು ಈ ಪ್ರಬಂಧಕ್ಕೆ ಬೇಕಿರಲಿಲ್ಲ.

ಈ ಪದ್ಧತಿ ಹೋಗಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅದರ ಸುತ್ತ ಎಷ್ಟು ಜನರ ಬದುಕು ನಿಂತಿತ್ತು ನೋಡಿ. ಐದಾರು ವರ್ಷಕ್ಕೇ ಬಾಯಿಪಾಠ ಶುರು ಮಾಡಿದ ಹುಡುಗನಿಗೆ ಈಗ ಮೂವತ್ತು. ಅಪ್ಪ ಹೊಲ ಮಾರಿ ಓದಿಸಿದ್ದಾನೆ. ಹೆಂಡತಿ ನೂಲು ತೆಗೆದು ಮನೆ ನಡೆಸಿದ್ದಾಳೆ. ಅವನಿಗೆ ಕಲಿಸಿದ ಮೇಷ್ಟ್ರಿಗೂ ಗೊತ್ತಿರುವುದು ಈ ಪ್ರಬಂಧ ಒಂದೇ. ಇಂಥ ಕುಟುಂಬಗಳು ದೇಶದಲ್ಲಿ ಲಕ್ಷಗಟ್ಟಲೆ. ಒಂದು ಆಜ್ಞೆಯಿಂದ ಅವರ ಇಪ್ಪತ್ತೈದು ವರ್ಷದ ದುಡಿಮೆ ನೀರಿಗೆ ಬಿತ್ತು. ಬದಲಿಗೆ ಏನು ಓದಬೇಕು? ರಾಜ್ಯದ ಈಗಿನ ಸಮಸ್ಯೆಗಳ ಬಗ್ಗೆ ಬರೆಯಿರಿ ಎಂದಿತು ಆಜ್ಞೆ. ಕಲಿಸುವ ಮೇಷ್ಟ್ರು ಇರಲಿಲ್ಲ, ಪುಸ್ತಕ ಇರಲಿಲ್ಲ, ಶಾಲೆ ಇರಲಿಲ್ಲ.

ಇನ್ನೂ ಒಂದು ತೊಡಕು ಇತ್ತು. ಪರೀಕ್ಷೆ ಬರೆಯುತ್ತಿದ್ದ ಇದೇ ಜನ ಊರಿನ ದೊಡ್ಡವರು. ತೆರಿಗೆ ವಸೂಲಿಗೆ, ಶಾಲೆ ತೆರೆಯಲಿಕ್ಕೆ, ಊರ ಜಗಳ ಬಿಡಿಸಲಿಕ್ಕೆ ಸರ್ಕಾರ ನೆಚ್ಚಿಕೊಂಡಿದ್ದದ್ದು ಅವರನ್ನೇ. ಯಾರು ಸುಧಾರಣೆಯನ್ನು ಹಳ್ಳಿಗೆ ಒಯ್ಯಬೇಕಿತ್ತೋ ಅವರ ಹೊಟ್ಟೆಯ ಮೇಲೇ ಮೊದಲ ಏಟು ಬಿತ್ತು.

ಆಗಸ್ಟ್ 30ರಂದು ಇನ್ನೊಂದು ಆಜ್ಞೆ ಬಂತು. ರಾಜಧಾನಿಯ ಕೆಲವು ಹಳೆಯ ಕಚೇರಿಗಳನ್ನೂ ಮೂರು ಪ್ರಾಂತ್ಯಗಳ ಗವರ್ನರ್ ಹುದ್ದೆಗಳನ್ನೂ ಒಂದೇ ಸಲಕ್ಕೆ ಮುಚ್ಚಿದರು. ಆ ಕಚೇರಿಗಳಲ್ಲಿ ಕೆಲಸ ಕಡಿಮೆ, ಸಂಬಳ ಮಾತ್ರ ಇತ್ತು ಎಂಬುದು ನಿಜ. ಆದರೆ ಅವುಗಳಲ್ಲಿ ಇದ್ದ ಗುಮಾಸ್ತರು, ಜವಾನರು ಎಲ್ಲಿ ಹೋಗಬೇಕು ಎಂಬುದಕ್ಕೆ ಏರ್ಪಾಡೇ ಇರಲಿಲ್ಲ. ಬೀಜಿಂಗ್‌ನ ಬೀದಿಗಳಲ್ಲಿ ಗಾಬರಿ ಶುರುವಾಯಿತು. ಸೆಪ್ಟೆಂಬರ್ ಮಧ್ಯದಲ್ಲಿ ಮಂಚು, ಅಂದರೆ ಆಳುವ ಚಿಂಗ್ ವಂಶದ ಜನಾಂಗದ, ಸೈನಿಕ ಕುಟುಂಬಗಳು ಇನ್ನು ತಮ್ಮ ಜೀವನ ತಾವೇ ನೋಡಿಕೊಳ್ಳಬಹುದು ಎಂಬ ಮಾತು ಬಂದಾಗ, ತಲೆತಲಾಂತರದಿಂದ ಬರುತ್ತಿದ್ದ ಮಾಸಾಶನವೂ ನಿಲ್ಲುತ್ತದೆ ಎಂದು ಅವರು ಹೆದರಿದರು.

ಮುಂದೆ ಹೋಗದ ಒಂದು ಕಾಗದ

ರಾಜಧಾನಿಯಾಚೆಗೆ ಆಜ್ಞೆಗಳು ಎಷ್ಟು ಜಾರಿಯಾದವು? ಹುನಾನ್ ಪ್ರಾಂತ್ಯದ ಗವರ್ನರ್ ಚೆನ್ ಬಾವೊಜೆನ್ ಒಬ್ಬ ಮನಸ್ಸಿಟ್ಟು ಮಾಡಿದ. ಉಳಿದ ಹೆಚ್ಚಿನವರು ಕಾದು ನೋಡಿದರು. ಆಗಸ್ಟ್‌ನಲ್ಲಿ ನಾನ್‌ಜಿಂಗ್ ಮತ್ತು ಗ್ವಾಂಗ್‌ಜೌನ ಹಿರಿಯ ಅಧಿಕಾರಿಗಳನ್ನು ಹೆಸರು ಹಿಡಿದು ಬೈದು ಆಜ್ಞೆ ಬಂದರೂ ಅವರು ಅಲುಗಾಡಲಿಲ್ಲ. ಅವರಿಗೆ ಗೊತ್ತಿತ್ತು, ತಮ್ಮ ಹುದ್ದೆ ಇರುವುದು ಬೇಸಿಗೆ ಅರಮನೆಯ ಕೈಯಲ್ಲಿ ಅಂತ.

ಈ ನಿಲುವು ರಾಜಧಾನಿಯೊಳಗೇ ಸ್ಫೋಟವಾದದ್ದು ಒಂದು ಅರ್ಜಿಯಿಂದ. ಕೆಳಗಿನ ಅಧಿಕಾರಿಗಳೂ ನೇರವಾಗಿ ನನಗೆ ಬರೆಯಬಹುದು, ಯಾರೂ ತಡೆಯಬಾರದು ಎಂದು ಗ್ವಾಂಗ್‌ಶು ಹೇಳಿದ್ದ. ಪರೀಕ್ಷೆ, ಪೂಜೆ, ವಿಧಿಗಳನ್ನು ನೋಡಿಕೊಳ್ಳುವ ಇಲಾಖೆಯಲ್ಲಿ ವಾಂಗ್ ಜಾವೊ ಎಂಬ ಕಿರಿಯ ಅಧಿಕಾರಿ ಇದನ್ನು ನಂಬಿ ಬರೆದೇಬಿಟ್ಟ. ಚಕ್ರವರ್ತಿ ರಾಜಮಾತೆಯನ್ನೂ ಕರೆದುಕೊಂಡು ವಿದೇಶ ನೋಡಿ ಬರಲಿ, ಮೊದಲು ಜಪಾನಿಗೆ ಹೋಗಲಿ ಎಂಬುದು ಅದರಲ್ಲಿದ್ದ ಒಂದು ಸಲಹೆ. ಒಳ್ಳೆಯ ಬುದ್ಧಿಯ ಸಲಹೆ ಅದು. ಇಬ್ಬರನ್ನೂ ಒಂದೇ ದಾರಿಯಲ್ಲಿ ನಡೆಸುವ ಮಾತನ್ನು ಆ ಬೇಸಿಗೆಯಲ್ಲಿ ಆಡಿದವರು ಬಹಳ ಕಡಿಮೆ.

ಇಲಾಖೆಯ ಮೇಲಿನವರು ಕಾಗದವನ್ನು ಮುಂದೆ ಕಳಿಸಲಿಲ್ಲ. ಜಪಾನಿನಲ್ಲಿ ಕೊಲೆಗಡುಕರಿದ್ದಾರೆ, ದೊರೆಯನ್ನು ಅಪಾಯಕ್ಕೆ ದೂಡುವ ಹುನ್ನಾರ ಇದು ಎಂದರು. ಅದು ಪೂರ್ತಿ ನೆಪವೇನಲ್ಲ. 1895ರಲ್ಲಿ ಸಂಧಿ ಮಾಡಲು ಹೋಗಿದ್ದ ಚೀನಾದ ಹಿರಿಯ ಲಿ ಹೊಂಗ್‌ಜಾಂಗ್‌ನ ಮುಖಕ್ಕೆ ಜಪಾನಿನಲ್ಲಿ ಗುಂಡು ಬಿದ್ದಿತ್ತು. ಆದರೂ ಆಜ್ಞೆ ಮುರಿದಂತಾಯಿತು. ಗ್ವಾಂಗ್‌ಶುವಿಗೆ ತಡೆಯಲಾರದ ಸಿಟ್ಟು ಬಂತು. ಸೆಪ್ಟೆಂಬರ್ 4ರಂದು ಆ ಇಲಾಖೆಯ ಆರೂ ಮುಖ್ಯಸ್ಥರನ್ನು ಒಂದೇ ಏಟಿಗೆ ಮನೆಗೆ ಕಳಿಸಿದ. ಮರುದಿನ ತಾನ್ ಸಿತೊಂಗ್, ಯಾಂಗ್ ರುಯ್, ಲಿನ್ ಶು, ಲಿಯು ಗ್ವಾಂಗ್‌ದಿ ಎಂಬ ನಾಲ್ವರು ಸುಧಾರಕರನ್ನು ತನ್ನ ಕಾಗದಪತ್ರ ನೋಡಲು ನೇಮಿಸಿಕೊಂಡ.

ನೇಮಕ ಮತ್ತು ವಜಾ ಎರಡೂ ತ್ಸಿಶಿ ತನ್ನ ಬಳಿ ಇಟ್ಟುಕೊಂಡಿದ್ದ ಅಧಿಕಾರ. ಆರು ಜನ ದೊಡ್ಡ ಅಧಿಕಾರಿಗಳನ್ನು ಆಕೆಯನ್ನು ಕೇಳದೆ ತೆಗೆದದ್ದು ಗೆರೆ ದಾಟಿದ ಹಾಗಾಯಿತು. ಕೆಲಸ ಕಳೆದುಕೊಂಡವರು ನೇರವಾಗಿ ಬೇಸಿಗೆ ಅರಮನೆಗೆ ಓಡಿದರು. ನನ್ನ ಮಟ್ಟಿಗೆ ಸುಧಾರಣೆ ಮುರಿದದ್ದು ಈ ಸೆಪ್ಟೆಂಬರ್ 4ರಂದೇ. 21ರಂದು ನಡೆದದ್ದು ಇದರ ಮುಂದುವರಿಕೆ.

ಯಾರ ವಾದ ಏನು?

ಸುಧಾರಣೆ ಬೇಕೇ ಬೇಡವೇ ಎಂದು ಎರಡೇ ಗುಂಪು ಇತ್ತು ಎಂದುಕೊಂಡರೆ ತಪ್ಪಾಗುತ್ತದೆ. ಕಾಂಗ್‌ನ ಕಡೆಯವರು ಎಲ್ಲವನ್ನೂ ಒಟ್ಟಿಗೆ, ಈಗಲೇ ಬದಲಿಸಬೇಕು ಎನ್ನುತ್ತಿದ್ದರು. ದೇಶವನ್ನು ಹರಿದು ಹಂಚಿಕೊಳ್ಳುತ್ತಿರುವಾಗ ಮೆಲ್ಲಗೆ ನಡೆಯಲು ಸಮಯ ಎಲ್ಲಿದೆ ಎಂಬುದು ಅವರ ಪ್ರಶ್ನೆ.

ವುಚಾಂಗ್‌ನಲ್ಲಿದ್ದ ಹಿರಿಯ ಅಧಿಕಾರಿ ಜಾಂಗ್ ಜಿದೊಂಗ್ ನಡುದಾರಿಯವನು. ಚೀನಾದ ವಿದ್ಯೆ ತಳಹದಿಯಾಗಿರಲಿ, ಪಶ್ಚಿಮದ ವಿದ್ಯೆ ಬಳಕೆಗೆ ಇರಲಿ ಎಂದು ಅವನು ಬರೆದ ಪುಸ್ತಕವನ್ನು ಗ್ವಾಂಗ್‌ಶುವೇ ಎಲ್ಲ ಪ್ರಾಂತ್ಯಗಳಿಗೆ ಹಂಚಿಸಿದ. ಕಾರ್ಖಾನೆ, ಶಾಲೆ, ಹೊಸ ಸೈನ್ಯ ಇವನ್ನೆಲ್ಲ ಕಟ್ಟಿ ತೋರಿಸಿದ್ದವನು ಜಾಂಗ್. ಆದರೆ ಕಾಂಗ್‌ನ ಕನ್‌ಫ್ಯೂಷಿಯಸ್ ವಾದ ಅವನಿಗೆ ಸಹಿಸಲಾಗಲಿಲ್ಲ. ಇಂಥವನನ್ನು ಜೊತೆಗೆ ಇಟ್ಟುಕೊಳ್ಳಲು ಆಗದೇ ಹೋದದ್ದು ದೊಡ್ಡ ನಷ್ಟ. ಕೆಲಸ ಮಾಡಿಸಲು ಗೊತ್ತಿದ್ದವರು ಹೊರಗೆ ಉಳಿದರು, ಬರೆಯಲು ಗೊತ್ತಿದ್ದವರು ಒಳಗೆ ಬಂದರು.

ಮಂಚು ಶ್ರೀಮಂತರ ಭಯ ಬೇರೆ. ಸುಮಾರು 250 ವರ್ಷದಿಂದ ಕೆಲವೇ ಮಂಚು ಜನ ಬಹುಸಂಖ್ಯಾತ ಹಾನ್ ಚೀನೀಯರನ್ನು ಆಳುತ್ತಿದ್ದರು. ಕಾಂಗ್ ಕಟ್ಟಿದ್ದ ಸಂಘ ಕಾಪಾಡಲು ಹೊರಟಿರುವುದು ಚೀನಾವನ್ನು, ಚಿಂಗ್ ವಂಶವನ್ನಲ್ಲ ಎಂದು ಆ ವರ್ಷವೇ ಒಬ್ಬ ಅಧಿಕಾರಿ ದೂರು ಕೊಟ್ಟಿದ್ದ. ಆ ಮಾತು ಅರಮನೆಯ ಮನಸ್ಸಿನಲ್ಲಿ ಉಳಿದುಹೋಯಿತು.

ಆ ಒಂದು ವಾರ

ಸೆಪ್ಟೆಂಬರ್ ಮಧ್ಯಕ್ಕೆ ಗ್ವಾಂಗ್‌ಶು ಸುಧಾರಕರದ್ದೇ ಒಂದು ಸಲಹಾ ಸಭೆ ಮಾಡಲು ತ್ಸಿಶಿಯ ಒಪ್ಪಿಗೆ ಕೇಳಿದ. ಆಕೆ ಖಂಡಿತ ಆಗದು ಎಂದಳು. 15ರಂದು ಅವನು ಯಾಂಗ್ ರುಯ್ ಕೈಗೆ ಒಂದು ಗುಟ್ಟಿನ ಪತ್ರ ಕೊಟ್ಟ. ಪತ್ರದ ವಿಷಯ ಕಾಂಗ್‌ಗೆ ತಿಳಿಯಿತು. ಚಕ್ರವರ್ತಿಯ ಜೀವಕ್ಕೇ ಅಪಾಯ ಎಂದು ಸುಧಾರಕರು ತೀರ್ಮಾನಿಸಿದರು.

18ರ ರಾತ್ರಿ ತಾನ್ ಸಿತೊಂಗ್ ಬೀಜಿಂಗ್‌ನ ಒಂದು ದೇವಾಲಯಕ್ಕೆ ಹೋದ. ಅಲ್ಲಿ ಇಳಿದುಕೊಂಡಿದ್ದವನು ಯುವಾನ್ ಶಿಕಾಯ್, ತ್ಯಾನ್‌ಜಿನ್ ಬಳಿ 7000 ಸೈನಿಕರ ಹೊಸ ಪಡೆ ಕಟ್ಟಿದ್ದ ಸೇನಾನಿ. ಎರಡು ದಿನದ ಹಿಂದಷ್ಟೇ ಗ್ವಾಂಗ್‌ಶು ಅವನಿಗೆ ಬಡ್ತಿ ಕೊಟ್ಟಿದ್ದ. ತಾನ್ ಕೇಳಿದ್ದು ಇಷ್ಟು: ರೊಂಗ್‌ಲುವನ್ನು ಮುಗಿಸು, ಸೈನ್ಯ ತಂದು ಬೇಸಿಗೆ ಅರಮನೆಯನ್ನು ಸುತ್ತುವರಿ. ಯುವಾನ್ ಇಲ್ಲ ಎನ್ನಲಿಲ್ಲ, ಹೂಂ ಎಂದೂ ಒಪ್ಪಿಕೊಳ್ಳಲಿಲ್ಲ. ಅವನ 7000ಕ್ಕೆ ಎದುರಾಗಿ ರೊಂಗ್‌ಲುವಿನ ಕೈಕೆಳಗೆ ಅದರ ಹಲವು ಪಟ್ಟು ಸೈನ್ಯ ಇತ್ತು. ಮದ್ದುಗುಂಡಿನ ಉಗ್ರಾಣವೂ ರೊಂಗ್‌ಲುವಿನ ವಶದಲ್ಲೇ. 20ರಂದು ಯುವಾನ್ ತ್ಯಾನ್‌ಜಿನ್‌ಗೆ ಹಿಂತಿರುಗಿ ರೊಂಗ್‌ಲುವಿಗೆ ಎಲ್ಲವನ್ನೂ ಹೇಳಿದ.

21ರ ಬೆಳಿಗ್ಗೆ ತ್ಸಿಶಿ ಮತ್ತೆ ಅಧಿಕಾರ ವಹಿಸಿಕೊಂಡಳು. ಗ್ವಾಂಗ್‌ಶುವನ್ನು ಅರಮನೆಯ ಕೆರೆಯ ನಡುವಿನ ಯಿಂಗ್‌ತಾಯ್ ಎಂಬ ಪುಟ್ಟ ದ್ವೀಪದಲ್ಲಿ ಇಟ್ಟರು. ಕಾಂಗ್ ಹಿಂದಿನ ದಿನವೇ ರೈಲು ಹತ್ತಿ ತ್ಯಾನ್‌ಜಿನ್‌ಗೆ, ಅಲ್ಲಿಂದ ಹಡಗಿನಲ್ಲಿ ಹೊರಟು, ಬ್ರಿಟಿಷರ ನೆರವಿನಿಂದ ಹಾಂಗ್‌ಕಾಂಗ್ ಸೇರಿದ. ಲ್ಯಾಂಗ್ ಜಪಾನಿನ ರಾಯಭಾರಿ ಕಚೇರಿ ಹೊಕ್ಕ. ತಾನ್‌ಗೂ ಆ ಬಾಗಿಲು ತೆರೆದಿತ್ತು. ಅವನು ಹೋಗಲಿಲ್ಲ. ಬೇರೆ ದೇಶಗಳಲ್ಲಿ ರಕ್ತ ಹರಿಯದೆ ಸುಧಾರಣೆ ಆಗಿಲ್ಲ, ಚೀನಾದಲ್ಲಿ ಅದು ನನ್ನಿಂದ ಶುರುವಾಗಲಿ ಎಂದನಂತೆ. ಹೀಗೆಂದು ಬರೆದಿಟ್ಟವನು ಲ್ಯಾಂಗ್. ಸೆಪ್ಟೆಂಬರ್ 28ರಂದು ಕಾಯ್‌ಶಿಕೋ ಎಂಬ ಮಾರುಕಟ್ಟೆಯ ಕೂಡುರಸ್ತೆಯಲ್ಲಿ ತಾನ್ ಸೇರಿ ಆರು ಜನ ಸುಧಾರಕರ ತಲೆ ಕಡಿದರು. ವಿಚಾರಣೆ ಪೂರ್ತಿ ಆಗಿರಲಿಲ್ಲ. ತಾನ್‌ಗೆ 33 ವರ್ಷ. ಆರರಲ್ಲಿ ಒಬ್ಬ ಕಾಂಗ್‌ನ ತಮ್ಮ. ಓಡಿಹೋಗಿದ್ದ ಅಣ್ಣನ ಪಾಲಿನದನ್ನೂ ಅವನೇ ತೆತ್ತ.

ದ್ರೋಹಿಯ ಕಥೆ ಎಷ್ಟು ನಿಜ?

ಯುವಾನ್ ಬಾಯಿಬಿಟ್ಟದ್ದರಿಂದಲೇ ಎಲ್ಲ ಮುಳುಗಿತು ಎಂದು ಬಹಳ ಕಾಲ ನಂಬಿದ್ದರು. ದಿನಾಂಕಗಳನ್ನು ಎಚ್ಚರದಿಂದ ಜೋಡಿಸಿದ ಇತಿಹಾಸಕಾರರು ಬೇರೆ ಮಾತು ಹೇಳುತ್ತಾರೆ. ತ್ಸಿಶಿ ಮತ್ತೆ ಅಧಿಕಾರ ವಹಿಸಬೇಕೆಂದು ಯಾಂಗ್ ಚೊಂಗ್‌ಯಿ ಎಂಬ ಅಧಿಕಾರಿ ಬೇಡಿಕೆ ಸಲ್ಲಿಸಿದ್ದು 18ರಂದು. ಆಕೆ ರಾಜಧಾನಿಗೆ ಮರಳಿದ್ದು 19ರಂದು. ಯುವಾನ್ ಬಾಯಿಬಿಟ್ಟದ್ದು 20ರಂದು. ಇನ್ನೊಂದು ಸಾಕ್ಷಿಯೂ ಇದೆ. 21ರಂದು ಹೊರಟ ಮೊದಲ ಬಂಧನದ ಆಜ್ಞೆಯಲ್ಲಿ ಇದ್ದದ್ದು ಕಾಂಗ್ ಮತ್ತು ಅವನ ತಮ್ಮನ ಹೆಸರು ಮಾತ್ರ. ಅರಮನೆ ಸುತ್ತುವರಿಯುವ ಸಂಚು ಆಗಲೇ ಗೊತ್ತಿದ್ದರೆ ತಾನ್‌ನ ಹೆಸರು ಬಿಡುತ್ತಿದ್ದರೇ? ಅಂದರೆ ತ್ಸಿಶಿ ಮೊದಲೇ ನಿರ್ಧರಿಸಿದ್ದಳು. ಯುವಾನ್‌ನ ಸುದ್ದಿ ತಲುಪಿದ ಮೇಲೆ, ಬರೀ ಅಧಿಕಾರದ ಕೈಬದಲಾವಣೆ ಆಗಬೇಕಿದ್ದದ್ದು ಕೊಲೆಯಲ್ಲಿ ಮುಗಿಯಿತು.

ಅಂಥ ಸಂಚೇ ಇರಲಿಲ್ಲ ಎಂದು ಕಾಂಗ್ ಕೊನೆಯವರೆಗೂ ವಾದಿಸಿದ. ಆದರೆ ಸಂಚಿಗೆಂದು ಕರೆಸಿಕೊಂಡಿದ್ದ ಬಿ ಯೊಂಗ್‌ನ್ಯಾನ್ ಎಂಬವನ ದಿನಚರಿ 1980ರ ದಶಕದಲ್ಲಿ ಜಪಾನಿನ ವಿದೇಶಾಂಗ ಇಲಾಖೆಯ ಕಡತಗಳಲ್ಲಿ ಸಿಕ್ಕಿತು. ಸಂಚು ಇದ್ದದ್ದು ಅದರಿಂದ ಗಟ್ಟಿಯಾಯಿತು. ಕಾಂಗ್ 1911ರಲ್ಲಿ ಅಚ್ಚು ಹಾಕಿಸಿದ ತನ್ನ ಅರ್ಜಿಗಳೂ 1898ರ ಮೂಲದ ಹಾಗೆ ಇಲ್ಲ. ಮೂಲದಲ್ಲಿ ಇಲ್ಲದ ಸಂವಿಧಾನ, ಸಂಸತ್ತಿನ ಮಾತುಗಳು ಆಮೇಲೆ ಸೇರಿವೆ. ಅರಮನೆಯ ಕಡತದಲ್ಲಿ ಮೂಲ ಪ್ರತಿಗಳು ಸಿಕ್ಕಾಗ ಇದು ಬಯಲಾಯಿತು. ಸೋತವರ ಕಡೆ ಕರುಣೆ ಇಟ್ಟುಕೊಂಡೇ ಹೇಳಬೇಕಾದ ಮಾತು ಇದು: ನಾವು ಓದುತ್ತಾ ಬಂದ 1898ರ ಕಥೆಯಲ್ಲಿ ಬಹುಪಾಲು ಕಾಂಗ್ ಮತ್ತು ಲ್ಯಾಂಗ್ ದೇಶದಾಚೆ ಕೂತು ಬರೆದದ್ದು. ಆ ಅಲೆದಾಟದಲ್ಲಿ ಕಾಂಗ್ ನಮ್ಮ ಡಾರ್ಜಿಲಿಂಗ್‌ನಲ್ಲೂ ಒಂದು ವರ್ಷಕ್ಕೂ ಹೆಚ್ಚು ಕಾಲ ಇದ್ದ.

ಅದೇ ಆಜ್ಞೆಗಳು, ದುಬಾರಿ ಬೆಲೆಗೆ

ಹೆಚ್ಚಿನ ಆಜ್ಞೆಗಳು ರದ್ದಾದವು. ಎಂಟು ಕಾಲಿನ ಪ್ರಬಂಧ ವಾಪಸ್ ಬಂತು. ವಿಶ್ವವಿದ್ಯಾಲಯ ಮಾತ್ರ ಉಳಿಯಿತು. ಇವತ್ತಿನ ಪೀಕಿಂಗ್ ವಿಶ್ವವಿದ್ಯಾಲಯ ಅದೇ.

ಸುಧಾರಕರು ಹೋದಮೇಲೆ ಆಸ್ಥಾನದಲ್ಲಿ ಉಳಿದವರಲ್ಲಿ ವಿದೇಶಿಯರನ್ನು ಕಂಡರಾಗದವರ ಕೈ ಮೇಲಾಯಿತು. 1900ರಲ್ಲಿ ಬಾಕ್ಸರ್ ದಂಗೆಕೋರರು ವಿದೇಶಿ ಪಾದ್ರಿಗಳ ಮೇಲೆ, ಚೀನೀ ಕ್ರೈಸ್ತರ ಮೇಲೆ ಬಿದ್ದಾಗ ಅಂಥವರು ದಂಗೆಯ ಬೆನ್ನಿಗೆ ನಿಂತರು. ತ್ಸಿಶಿ ಎಲ್ಲ ದೊಡ್ಡ ದೇಶಗಳ ವಿರುದ್ಧ ಒಟ್ಟಿಗೆ ಯುದ್ಧ ಸಾರಿದಳು. ಎಂಟು ದೇಶಗಳ ಸೈನ್ಯ ಬೀಜಿಂಗ್‌ಗೆ ನುಗ್ಗಿತು. ಅದರಲ್ಲಿ ಬ್ರಿಟಿಷರು ಕರೆದೊಯ್ದ ಭಾರತೀಯ ಸಿಪಾಯಿಗಳೂ ಇದ್ದರು. 1901ರಲ್ಲಿ ಚೀನಾದ ಮೇಲೆ ಬಿದ್ದ ದಂಡ 45 ಕೋಟಿ ತೇಲ್, 39 ವರ್ಷದ ಕಂತಿನಲ್ಲಿ. ಬಡ್ಡಿ ಸೇರಿದರೆ ಸುಮಾರು 98 ಕೋಟಿ.

ಓಡಿಹೋಗಿ ಶಿಆನ್‌ನಲ್ಲಿ ಕೂತಿದ್ದ ತ್ಸಿಶಿ 1901ರ ಜನವರಿಯಲ್ಲಿ ಸುಧಾರಣೆಯ ಆಜ್ಞೆ ಹೊರಡಿಸಿದಳು. ಎಂಟು ಕಾಲಿನ ಪ್ರಬಂಧ ಅದೇ ವರ್ಷ ಹೋಯಿತು. 1905ರಲ್ಲಿ ಪರೀಕ್ಷೆಯೇ ಪೂರ್ತಿ ನಿಂತಿತು. ಹೊಸ ಶಾಲೆ, ಹೊಸ ಸೈನ್ಯ, ಸಂವಿಧಾನದ ಭರವಸೆ ಎಲ್ಲ ಬಂದವು. 1898ರಲ್ಲಿ ಗ್ವಾಂಗ್‌ಶು ಕೇಳಿದ್ದಕ್ಕಿಂತಲೂ ಹೆಚ್ಚು. ಅಂದರೆ ಆಜ್ಞೆಗಳಲ್ಲಿ ಬರೆದಿದ್ದ ವಿಷಯ ಯಾವತ್ತೂ ಅಸಾಧ್ಯವಾಗಿರಲಿಲ್ಲ. ಅದನ್ನು ಹೊರಡಿಸುವವರ ಕೈಯಲ್ಲಿ ಸೈನ್ಯ ಇರಬೇಕಿತ್ತು, ಪ್ರಾಂತ್ಯದ ಅಧಿಕಾರಿಗಳು ಜೊತೆಗಿರಬೇಕಿತ್ತು. ತ್ಸಿಶಿಗೆ ಎರಡೂ ಇದ್ದವು. ಜಾಂಗ್ ಜಿದೊಂಗ್, ಯುವಾನ್ ಇಬ್ಬರೂ ಈ ಸಲ ಮುಂದೆ ನಿಂತು ಮಾಡಿಸಿದರು.

ಆದರೆ ಖಜಾನೆ ಖಾಲಿ. ಶಾಲೆಗೂ ಸೈನ್ಯಕ್ಕೂ ಹೊಸ ತೆರಿಗೆ ಹಾಕಬೇಕಾಯಿತು. ಪರೀಕ್ಷೆ ನಿಂತ ಮೇಲೆ ಓದಿದ ಹುಡುಗರಿಗೆ ಅರಮನೆಯ ಜೊತೆ ಇದ್ದ ನಂಟು ಕಡಿಯಿತು. ಅವರು ಜಪಾನಿಗೆ ಓದಲು ಹೋದರು, ಅಲ್ಲಿ ಕ್ರಾಂತಿಕಾರಿಗಳ ಜೊತೆ ಸೇರಿದರು. ಚಕ್ರವರ್ತಿಯೊಬ್ಬ ಸುಧಾರಣೆಗೆ ಹೊರಟರೆ ಅವನನ್ನೇ ಕೂಡಿಹಾಕುತ್ತಾರೆ ಎಂದು 1898ರಲ್ಲಿ ಕಂಡಿದ್ದ ತಲೆಮಾರು ಅದು. 1911ರ ಮೇನಲ್ಲಿ ಕೊನೆಗೂ ಸಚಿವ ಸಂಪುಟ ರಚನೆಯಾದಾಗ 13 ಜನರಲ್ಲಿ ಹಾನ್ ಚೀನೀಯರು ನಾಲ್ವರೇ. ಉಳಿದಿದ್ದ ನಂಬಿಕೆಯೂ ಹೋಯಿತು. ಅಕ್ಟೋಬರ್ 10ರಂದು ವುಚಾಂಗ್‌ನಲ್ಲಿ ದಂಗೆ ಎದ್ದದ್ದು ಸುಧಾರಣೆಯ ಹೆಸರಿನಲ್ಲೇ ಕಟ್ಟಿದ್ದ ಹೊಸ ಸೈನ್ಯ. 1912ರ ಫೆಬ್ರವರಿ 12ರಂದು ಚಿಂಗ್ ವಂಶದ ಆಳ್ವಿಕೆ ಮುಗಿಯಿತು. ರಾಜೀನಾಮೆಯ ಮಾತುಕತೆ ನಡೆಸಿ ತಾನೇ ಅಧ್ಯಕ್ಷನಾದವನು ಯುವಾನ್ ಶಿಕಾಯ್.

ಪಾಷಾಣ ಹಾಕಿದವರು ಯಾರು ಎಂಬುದನ್ನು 2008ರ ಪರೀಕ್ಷೆ ಹೇಳಲಿಲ್ಲ, ಕೂದಲಿನಿಂದ ಅದು ತಿಳಿಯುವುದೂ ಇಲ್ಲ. ಆದರೆ ಗ್ವಾಂಗ್‌ಶುವಿನ ಮನಸ್ಸಿನಲ್ಲಿ ಏನಿತ್ತು ಎಂಬುದಕ್ಕೆ ಬೇರೊಂದು ಸಾಕ್ಷಿ ಉಳಿದಿದೆ. ಯಾಂಗ್ ರುಯ್ ಕೈಗೆ ಕೊಟ್ಟ ಆ ಗುಟ್ಟಿನ ಪತ್ರವನ್ನು ಕಾಂಗ್ ದೇಶದಾಚೆ ಪ್ರಕಟಿಸಿದಾಗ, ನನ್ನನ್ನು ಪಾರುಮಾಡಿ ಎಂದು ಚಕ್ರವರ್ತಿ ಮೊರೆಯಿಟ್ಟ ಹಾಗೆ ಅದರ ಮಾತುಗಳನ್ನು ಬದಲಿಸಿದ್ದ. ಯಾಂಗ್ ರುಯ್ ತಲೆ ಹೋದರೂ ಪತ್ರ ಅವನ ಮನೆಯಲ್ಲಿ ಉಳಿಯಿತು. ಗ್ವಾಂಗ್‌ಶು, ತ್ಸಿಶಿ ಇಬ್ಬರೂ ಸತ್ತಮೇಲೆ, 1909ರಲ್ಲಿ, ಯಾಂಗ್‌ನ ಮಗ ಅದನ್ನು ತಂದು ಸರ್ಕಾರಕ್ಕೆ ಒಪ್ಪಿಸಿದ. ಅದರಲ್ಲಿ ಸಂಚಿನ ಸುಳಿವಿಲ್ಲ, ಸೈನ್ಯದ ಮಾತಿಲ್ಲ. ಹಳೆಯ ಪದ್ಧತಿಯನ್ನು ಪೂರ್ತಿ ಬದಲಿಸಬೇಕು, ಅಯೋಗ್ಯ ಹಿರಿಯರನ್ನು ತೆಗೆಯಬೇಕು, ಆದರೆ ರಾಜಮಾತೆಯ ಮನಸ್ಸಿಗೆ ನೋವಾಗಬಾರದು, ಅದಕ್ಕೆ ಏನಾದರೂ ಒಳ್ಳೆಯ ಉಪಾಯ ಇದೆಯೇ ಎಂದು 27 ವರ್ಷದ ಆ ಹುಡುಗ ಯಾಂಗ್ ರುಯ್‌ನನ್ನು ಕೇಳಿದ್ದಾನೆ.